ಬೆಟ್ಟಿಯ ಸರ್ವ್ ಇನ್ನೂ ಮುಗಿದಿಲ್ಲ

1977ರ ಜುಲೈ 1. ವಿಂಬಲ್ಡನ್ ಟೂರ್ನಿಗೆ ನೂರು ತುಂಬಿದ ಸಡಗರ. ರಾಣಿ ಎರಡನೇ ಎಲಿಜಬೆತ್ ಸಿಂಹಾಸನವೇರಿ ಇಪ್ಪತ್ತೈದಾದ ಸಂಭ್ರಮವೂ ಅದರ ಜೊತೆಗೆ ಸೇರಿತ್ತು. ಟೆನಿಸ್ ನೋಡಲು ಅಪರೂಪಕ್ಕೆ ಬರುವ ರಾಣಿ ಅವತ್ತು ಸೆಂಟರ್ ಕೋರ್ಟಿನಲ್ಲಿ ಕೂತಿದ್ದರು. ಮಹಿಳಾ ಸಿಂಗಲ್ಸ್ ಫೈನಲ್ಲಿನಲ್ಲಿ ಬ್ರಿಟನ್ನಿನ ವರ್ಜೀನಿಯಾ ವೇಡ್ ಆಡುತ್ತಿದ್ದರು. ಇಡೀ ಗ್ಯಾಲರಿ ಅವರ ಪರ. ನೆಟ್‌ನ ಆಚೆ ನಿಂತಿದ್ದವರು ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮಿನ ಬೆಟ್ಟಿ ಸ್ಟೋವೆ. ಸೆಮಿಫೈನಲ್ಲಿನಲ್ಲಿ ಇನ್ನೊಬ್ಬ ಬ್ರಿಟಿಷ್ ಆಟಗಾರ್ತಿ ಸೂ ಬಾರ್ಕರ್ ಅವರನ್ನು ಸೋಲಿಸಿ, ಊರ ಹಬ್ಬಕ್ಕೆ ಕಲ್ಲು ಹಾಕಿದವರು ಇವರೇ. ಮೊದಲ ಸೆಟ್ಟನ್ನು 6-4ರಲ್ಲಿ ಸ್ಟೋವೆ ಗೆದ್ದರು. ಆಮೇಲೆ 3-6, 1-6. ರಾಣಿಯ ಕೈಯಿಂದ ಟ್ರೋಫಿ ವೇಡ್ ಕೈಗೆ ಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಆ ವರ್ಷ ಸ್ಟೋವೆ ಮಹಿಳಾ ಡಬಲ್ಸ್ ಫೈನಲ್ಲಿಗೂ ಹೋದರು, ಮಿಶ್ರ ಡಬಲ್ಸ್ ಫೈನಲ್ಲಿಗೂ ಹೋದರು. ಎರಡರಲ್ಲೂ ಸೋತರು. ಒಂದೇ ವಿಂಬಲ್ಡನ್ನಿನಲ್ಲಿ ಮೂರು ಫೈನಲ್, ಮೂರೂ ಸೋಲು. ಇಂಥ ದಾಖಲೆಯನ್ನು ಯಾರೂ ಬಯಸಿ ಮಾಡುವುದಿಲ್ಲ. ಆದರೆ ಮೂರು ಫೈನಲ್ ಸೋಲಬೇಕಾದರೆ ಮೂರು ಫೈನಲ್ ತಲುಪಬೇಕಲ್ಲ!

ಒಂಬತ್ತು ವರ್ಷಗಳ ನಂತರ, 1986ರಲ್ಲಿ, ಜರ್ಮನಿಯ ಗಡಿಗೆ ಹತ್ತಿರವಿರುವ ಆರ್ನೆಮ್ ಎಂಬ ಡಚ್ ಊರಿನಲ್ಲಿ ಕೆಲವು ಹುಡುಗ ಹುಡುಗಿಯರು ಸೇರಿ ಗಿಟಾರ್ ಬ್ಯಾಂಡ್ ಕಟ್ಟಿದರು. ಅದಕ್ಕೆ ಈ ಆಟಗಾರ್ತಿಯ ಹೆಸರನ್ನೇ ಇಟ್ಟರು: ‘ಬೆಟ್ಟಿ ಸರ್ವೇರ್ಟ್’. ಡಚ್ ಭಾಷೆಯಲ್ಲಿ ‘ಬೆಟ್ಟಿ ಸರ್ವ್ ಮಾಡುತ್ತಾಳೆ’ ಎಂದರ್ಥ. ಒಂದೇ ಒಂದು ಕಾರ್ಯಕ್ರಮ ಕೊಟ್ಟು ಆ ಬ್ಯಾಂಡ್ ಬಾಗಿಲು ಹಾಕಿತು. ಹೆಸರಿಗೆ ತಕ್ಕ ಆರಂಭ! ಆದರೆ ನಾಲ್ಕೈದು ವರ್ಷಗಳ ನಂತರ ಅದೇ ಹೆಸರು ಮತ್ತೆ ಎದ್ದು ಬಂತು. 1992ರ ಅವರ ಮೊದಲ ಆಲ್ಬಮ್ ‘ಪಾಲೊಮೈನ್’ ಅಟ್ಲಾಂಟಿಕ್ ದಾಟಿತು. 2016ರಲ್ಲಿ ಹತ್ತನೆಯ ಸ್ಟುಡಿಯೊ ಆಲ್ಬಮ್ ‘ಡ್ಯಾಮೇಜ್ಡ್ ಗುಡ್’ ಬಂತು. ಈ ಎರಡರ ನಡುವಿನ ಇಪ್ಪತ್ನಾಲ್ಕು ವರ್ಷಗಳಲ್ಲಿ ಈ ಬ್ಯಾಂಡ್ ಜಗತ್ಪ್ರಸಿದ್ಧವಾಗಲಿಲ್ಲ, ಮುಚ್ಚಿಯೂ ಹೋಗಲಿಲ್ಲ. ಪಾಪ್ ಸಂಗೀತದಲ್ಲಿ ಮೊದಲನೆಯದು ಮಾಮೂಲು. ನನಗೆ ಕುತೂಹಲ ಇರುವುದು ಎರಡನೆಯದರ ಬಗ್ಗೆ. ದೊಡ್ಡ ಫೈನಲ್ ಗೆಲ್ಲದ ಬ್ಯಾಂಡೊಂದು ಹೊಸ ಹೊಸ ಆಲ್ಬಮ್ ಮಾಡುತ್ತ, ಊರೂರಿನಲ್ಲಿ ನುಡಿಸುತ್ತ ಇಷ್ಟು ಕಾಲ ಬದುಕಿದ್ದು ಹೇಗೆ? ಉತ್ತರದಲ್ಲಿ ಅರ್ಧ ಪಾಲು ಆ ಬ್ಯಾಂಡಿನದು, ಇನ್ನರ್ಧ ಆ ದೇಶದ್ದು.

ಮೊದಲು ದೇಶದ ಕಥೆ. ಡಚ್ಚರ ನಾಡಿಗೆ ರಾಕ್ ಗಿಟಾರ್ ಬಂದದ್ದು ಅಮೆರಿಕದಿಂದ ಮಾತ್ರ ಎಂದುಕೊಂಡರೆ ಅರ್ಧ ಸತ್ಯ. ಅದು ಬಂದ ಇನ್ನೊಂದು ದಾರಿ ಇಂಡೋನೇಷ್ಯಾದ್ದು. ಡಚ್ ವಸಾಹತಾಗಿದ್ದ ಆ ದ್ವೀಪಗಳಲ್ಲಿ, ಪೋರ್ಚುಗೀಸರು ಬಿಟ್ಟುಹೋದ ತಂತಿವಾದ್ಯಗಳಿಂದ ಹುಟ್ಟಿದ ಕ್ರೊಂಚಾಂಗ್ ಎಂಬ ಸಂಗೀತವಿತ್ತು. ಅಲ್ಲಿಯ ಮಿಶ್ರ ಕುಟುಂಬಗಳ ಮಕ್ಕಳು ಅದನ್ನು ಕೇಳುತ್ತಲೇ ಬೆಳೆದರು. 1949ರ ಕೊನೆಯಲ್ಲಿ ಡಚ್ಚರು ಇಂಡೋನೇಷ್ಯಾದ ಸ್ವಾತಂತ್ರ್ಯವನ್ನು ಒಪ್ಪಿಕೊಂಡರು. ಆ ಹೊತ್ತಿನ ಮುಂಚೆ-ನಂತರದ ವರ್ಷಗಳಲ್ಲಿ ಸುಮಾರು ಮೂರು ಲಕ್ಷ ಮಂದಿ ಹಡಗು ಹತ್ತಿ ನೆದರ್ಲೆಂಡ್ಸ್‌ಗೆ ಬಂದಿಳಿದರು. 1957ರಲ್ಲಿ ಬಂದ ಟೀಲ್ಮನ್ ಸಹೋದರರೂ ಅವರಲ್ಲಿದ್ದರು. ಅವರ ನಾಯಕ ಆ್ಯಂಡಿ ಟೀಲ್ಮನ್ ಗಿಟಾರನ್ನು ತಲೆಯ ಹಿಂದೆ ಹಿಡಿದು ನುಡಿಸುತ್ತಿದ್ದರು, ಹಲ್ಲಿನಿಂದ ನುಡಿಸುತ್ತಿದ್ದರು, ಕಾಲಿನಿಂದಲೂ ನುಡಿಸುತ್ತಿದ್ದರು. ಜಿಮಿ ಹೆಂಡ್ರಿಕ್ಸ್ ಇದೇ ಆಟದಿಂದ ಜಗತ್ತನ್ನು ಬೆರಗುಗೊಳಿಸುವುದಕ್ಕೆ ಇನ್ನೂ ಎಷ್ಟೋ ವರ್ಷಗಳಿದ್ದವು. 1958ರ ಬ್ರಸೆಲ್ಸ್ ವಿಶ್ವ ಮೇಳದಲ್ಲಿ ಇವರು ಮನೆಮಾತಾದರು. ಮುಂದೆ ‘ಇಂಡೊರಾಕ್’ ಎಂಬ ಹೆಸರು ಪಡೆದ ಈ ಅಲೆ ಡಚ್ ಹುಡುಗರ ಕೈಗೆ ಎಲೆಕ್ಟ್ರಿಕ್ ಗಿಟಾರ್ ಕೊಟ್ಟಿತು.

ಇಂಡೋನೇಷ್ಯಾದಿಂದ ಬಂದವರು ಹೆಚ್ಚಾಗಿ ನೆಲೆಸಿದ ಹೇಗ್ ನಗರವೇ ಅರವತ್ತರ ದಶಕದಲ್ಲಿ ಡಚ್ ಬೀಟ್ ಸಂಗೀತದ ತವರಾಯಿತು. ‘ಗೋಲ್ಡನ್ ಇಯರಿಂಗ್’ ಅಲ್ಲಿಯದು. 1961ರಲ್ಲಿ ಹುಟ್ಟಿದ ಆ ಬ್ಯಾಂಡ್ ನಿಂತದ್ದು 2021ರಲ್ಲಿ, ಗಿಟಾರ್ ವಾದಕ ಜಾರ್ಜ್ ಕೋಯ್ಮನ್ಸ್ ಅವರಿಗೆ ನರರೋಗ ತಗುಲಿದ ಸುದ್ದಿ ಬಂದಾಗ. ಅರವತ್ತು ವರ್ಷದ ಸಂಸಾರ ಅದು. 1973ರ ಅವರ ‘ರೇಡಾರ್ ಲವ್’ ಈಗಲೂ ಹೆದ್ದಾರಿಯ ಹಾಡುಗಳ ಪಟ್ಟಿಯಲ್ಲಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ‘ಶಾಕಿಂಗ್ ಬ್ಲೂ’ ಕೂಡ ಹೇಗ್‌ನದೇ. ಮರಿಸ್ಕಾ ವೆರೆಸ್ ಹಾಡಿದ ಅವರ ‘ವೀನಸ್’ 1970ರ ಫೆಬ್ರುವರಿಯಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಹದಿನಾರು ವರ್ಷಗಳ ನಂತರ ಬನಾನರಾಮಾ ಎಂಬ ಬ್ರಿಟಿಷ್ ಹುಡುಗಿಯರ ತಂಡ ಅದೇ ಹಾಡನ್ನು ಮತ್ತೆ ಮೊದಲ ಸ್ಥಾನಕ್ಕೆ ಒಯ್ದಿತು.

ಶಾಕಿಂಗ್ ಬ್ಲೂ ತಂಡದ ಇನ್ನೊಂದು ಹಾಡಿನ ಸುತ್ತಾಟ ಇದಕ್ಕಿಂತ ಸ್ವಾರಸ್ಯದ್ದು. ರಾಬಿ ವ್ಯಾನ್ ಲೇವನ್ ಬರೆದ ‘ಲವ್ ಬಝ್’ 1969ರದು. ಅದರಲ್ಲಿ ನಮ್ಮ ಸಿತಾರ್ ಕೇಳಿಸುತ್ತದೆ. ಆ ಕಾಲದಲ್ಲಿ ಯುರೋಪಿನ ಪಾಪ್ ತಂಡಗಳಿಗೆ ಸಿತಾರ್‌ನ ಹುಚ್ಚು ಹಿಡಿದಿತ್ತು. ಅಮೆರಿಕದ ಸಿಯಾಟಲ್ ಕಡೆಯ ಹುಡುಗರ ತಂಡವೊಂದು ಈ ಹಾಡನ್ನು ಹೇಗೋ ಹುಡುಕಿ ತೆಗೆದು, ಸಿತಾರನ್ನು ಬಿಟ್ಟು, ಗಿಟಾರನ್ನು ಒರಟು ಮಾಡಿ, 1988ರ ನವೆಂಬರಿನಲ್ಲಿ ತನ್ನ ಮೊದಲ ಸಿಂಗಲ್ ಆಗಿ ಹೊರತಂದಿತು. ಆ ತಂಡದ ಹೆಸರು ನಿರ್ವಾಣ! ಮೂರು ವರ್ಷಗಳ ನಂತರ ಅವರ ‘ನೆವರ್‌ಮೈಂಡ್’ ಮೈಕಲ್ ಜಾಕ್ಸನ್ ಅವರ ಆಲ್ಬಮನ್ನು ಅಮೆರಿಕದ ಪಟ್ಟಿಯ ಮೊದಲ ಸ್ಥಾನದಿಂದ ಕೆಳಗಿಳಿಸಿತು. ರೆಕಾರ್ಡ್ ಕಂಪನಿಗಳೆಲ್ಲ ಕಂಗಾಲಾಗಿ ‘ಇಂಥ ಗಿಟಾರಿನವರು ಇನ್ನೆಲ್ಲಿದ್ದಾರೆ’ ಎಂದು ಹುಡುಕಾಟಕ್ಕೆ ಬಿದ್ದವು. ಆ ಹುಡುಕಾಟದ ಗಾಳಿ ಬೀಸುತ್ತಿದ್ದ ಹೊತ್ತಿಗೇ ‘ಪಾಲೊಮೈನ್’ ಹೊರಬಂತು. ಹೇಗ್‌ನಿಂದ ಹೋದ ಗಿಟಾರ್ ಸಿಯಾಟಲ್ ಸುತ್ತಿ ಮತ್ತೆ ಡಚ್ಚರ ಬಾಗಿಲು ತಟ್ಟಿದಂತಾಯಿತು.

ಇನ್ನು ಬ್ಯಾಂಡಿನ ಕಥೆ. ಮೊದಲ ಸಲ ಬೆಟ್ಟಿ ಸರ್ವೇರ್ಟ್ ಮುಚ್ಚಿದ ಮೇಲೆ ಗಿಟಾರಿನ ಪೀಟರ್ ವಿಸರ್, ಬಾಸ್ ಗಿಟಾರಿನ ಹರ್ಮನ್ ಬುನ್ಸ್‌ಕೂಕೆ ‘ಡಿ ಆರ್ಟ್ಸನ್’, ಅಂದರೆ ‘ಡಾಕ್ಟರುಗಳು’, ಎಂಬ ತಂಡದಲ್ಲಿ ನುಡಿಸುತ್ತಿದ್ದರು. ಆ ತಂಡದ ಕಾರ್ಯಕ್ರಮಗಳಲ್ಲಿ ಧ್ವನಿ ನಿಯಂತ್ರಣದ ಮೇಜಿನ ಹಿಂದೆ ಕೂರುತ್ತಿದ್ದವರು ಕ್ಯಾರಲ್ ವ್ಯಾನ್ ಡೈಕ್. ಕೆನಡಾದ ವ್ಯಾಂಕೂವರಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ನೆದರ್ಲೆಂಡ್ಸ್‌ಗೆ ಬಂದವರು. ಡಾಕ್ಟರುಗಳು ಚೆದುರಿದ ಮೇಲೆ ಬೆಟ್ಟಿಯನ್ನು ಮತ್ತೆ ಎಬ್ಬಿಸಿದರು. ಮೇಜಿನ ಹಿಂದಿದ್ದ ಕ್ಯಾರಲ್ ಮೈಕಿನ ಮುಂದೆ ಬಂದರು. ಡ್ರಮ್ಸ್‌ಗೆ ಬೇರೆಂಟ್ ಡುಬ್ಬೆ ಸೇರಿದರು. ಹಾಡುವವರಿಗೆ ತಮ್ಮ ದನಿ ಸಭಾಂಗಣದ ಕೊನೆಯ ಸಾಲಿಗೆ ಹೇಗೆ ಮುಟ್ಟುತ್ತದೆ ಎಂಬುದು ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಕ್ಯಾರಲ್‌ಗೆ ಅದು ಕಸುಬಾಗಿತ್ತು. ಅವರ ಹಾಡಿಕೆಯಲ್ಲಿ ಕೂಗಾಟವಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಗೆಳತಿಯ ಹತ್ತಿರ ಏನೋ ಹೇಳಿಕೊಳ್ಳುತ್ತಿರುವ ಹಾಗೆ, ಸ್ವಲ್ಪ ಸೋಮಾರಿಯಾಗಿ, ಸ್ವಲ್ಪ ಮುನಿಸಿನಲ್ಲಿ ಶುರುವಾಗುತ್ತದೆ. ಸುತ್ತ ಗಿಟಾರ್ ಗುಡುಗಿದರೂ ಆ ದನಿ ತನ್ನ ಅಳತೆ ಬಿಡುವುದಿಲ್ಲ.

‘ಗಿಟಾರ್ ಪಾಪ್’ ಎಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಪಾಪ್ ಎಂದರೆ ಮೂರು-ನಾಲ್ಕು ನಿಮಿಷದ ಹಾಡು. ಚರಣ, ಪಲ್ಲವಿ, ಮತ್ತೆ ಚರಣ, ಮತ್ತೆ ಪಲ್ಲವಿ, ನಡುವೆ ಒಂದು ತಿರುವು. ಒಮ್ಮೆ ಕೇಳಿದರೆ ಬಾಯಲ್ಲಿ ಗುನುಗಬಹುದಾದ ಧಾಟಿ. ಅದರ ಮೈಮೇಲೆ ಹೊದಿಸುವ ಬಟ್ಟೆ ಗಿಟಾರಿನದು. ಎಲೆಕ್ಟ್ರಿಕ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತಗಳಿರುತ್ತವೆ, ಅವುಗಳ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿರುತ್ತದೆ. ಉಕ್ಕಿನ ತಂತಿ ಕಂಪಿಸಿದಾಗ ತಾಮ್ರದಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನು ಆ್ಯಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ಅದರ ತಾಕತ್ತಿಗೆ ಮೀರಿ ದೊಡ್ಡದು ಮಾಡಲು ಹೊರಟರೆ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಹಾಗೆ ಕತ್ತರಿಸಿದಾಗ ಮೂಲ ಸ್ವರದ ಜೊತೆಗೆ ಹತ್ತಾರು ಉಪಸ್ವರಗಳು ಮೇಲೆದ್ದು ಬರುತ್ತವೆ. ನಾವು ‘ಕರ್ಕಶ’ ಎನ್ನುವ ಆ ಗರಗರ ದನಿ ಇದೇ. ಇದನ್ನು ‘ಡಿಸ್ಟಾರ್ಷನ್’ ಎನ್ನುತ್ತಾರೆ.

ಇದರಲ್ಲಿ ನಮ್ಮ ಕಿವಿಗೆ ಪರಿಚಿತವಾದ ಗುಟ್ಟೊಂದಿದೆ. ಹೀಗೆ ಗರಗರಿಸುವ ಗಿಟಾರಿನಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ಮೀಟಿದರೆ ಉಪಸ್ವರಗಳು ಒಂದನ್ನೊಂದು ತುಳಿದು ರಾಡಿಯಾಗುತ್ತದೆ. ಷಡ್ಜ, ಪಂಚಮ ಎರಡನ್ನೇ ಮೀಟಿದರೆ ಮಾತ್ರ ಅವುಗಳ ಉಪಸ್ವರಗಳು ಹೊಂದಿಕೊಂಡು ಗೋಪುರದಂತೆ ಎದ್ದು ನಿಲ್ಲುತ್ತವೆ. ಹಾಗಾಗಿ ರಾಕ್ ಗಿಟಾರಿನವರು ‘ಪವರ್ ಕಾರ್ಡ್’ ಎಂದು ಕರೆಯುವುದು ಬೇರೇನಲ್ಲ, ಸ ಮತ್ತು ಪ. ನಮ್ಮ ತಂಬೂರಿಯ ಸಂಸಾರವೇ. ತಂಬೂರಿ ಅದನ್ನು ಮೃದುವಾಗಿ ಹೇಳುತ್ತದೆ, ಇವರು ಅದನ್ನೇ ರಂಪ ಮಾಡಿ ಹೇಳುತ್ತಾರೆ. ಮೈಕ್ ಸ್ಪೀಕರಿನ ಎದುರು ಬಂದಾಗ ‘ಕುಂಯ್’ ಎನ್ನುವುದನ್ನು ನಮ್ಮ ಸಭೆಗಳಲ್ಲಿ ಎಲ್ಲರೂ ಕೇಳಿದ್ದೇವೆ. ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತೇವೆ, ಮೈಕಿನ ಹುಡುಗ ಓಡಿಬರುತ್ತಾನೆ. ಗಿಟಾರಿನವರು ಅದನ್ನು ಬೇಕೆಂದೇ ಬರಿಸುತ್ತಾರೆ. ಗಿಟಾರನ್ನು ಸ್ಪೀಕರಿನ ಹತ್ತಿರ ಒಯ್ದು, ಹಿಂದೆ ಮುಂದೆ ಸರಿಸಿ, ಆ ಕೂಗನ್ನು ಪಳಗಿಸಿ ಒಂದು ಸ್ವರವಾಗಿ ನಿಲ್ಲಿಸುತ್ತಾರೆ. ಪೀಟರ್ ವಿಸರ್ ಈ ಪಳಗಿಸುವ ವಿದ್ಯೆಯಲ್ಲಿ ಗಟ್ಟಿಗರು.

‘ಪಾಲೊಮೈನ್’ ಆಲ್ಬಮಿನ ಸೊಗಸು ಇರುವುದು ಈ ಜಗಳದಲ್ಲಿ. ‘ಟಾಮ್ ಬಾಯ್’ ಎಂಬ ಹಾಡನ್ನೇ ತೆಗೆದುಕೊಳ್ಳಿ. ಧಾಟಿ ಸರಳ, ಸಿಹಿ. ಗಿಟಾರಿಗೆ ಆ ಸಿಹಿ ಸಾಕಾಗುವುದಿಲ್ಲ. ಹಾಡಿನ ಅಂಚನ್ನು ಕಚ್ಚುತ್ತ ಹೋಗುತ್ತದೆ. ದನಿ ಮಾತ್ರ ಮಧ್ಯದಲ್ಲಿ ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ. ನಿರ್ವಾಣದ ಕಾಲದ ಬಹುತೇಕ ತಂಡಗಳು ಮೆಲ್ಲಗೆ ಶುರುಮಾಡಿ ಥಟ್ಟನೆ ಸ್ಫೋಟಿಸುತ್ತಿದ್ದವು. ಬೆಟ್ಟಿಯವರ ಹಾಡು ಮಳೆಗಾಲದ ಹೊಳೆಯ ಹಾಗೆ, ಏರಿದ್ದು ಗೊತ್ತಾಗುವಷ್ಟರಲ್ಲಿ ಮೊಣಕಾಲಿಗೆ ಬಂದಿರುತ್ತದೆ. ಈ ಆಲ್ಬಮಿನ ನಿರ್ಮಾಪಕ ಫ್ರಾನ್ಸ್ ಹಾಗೆನಾರ್ಸ್. ಅಮೆರಿಕದಲ್ಲಿ ‘ಮ್ಯಾಟಡಾರ್’, ಬ್ರಿಟನ್ನಿನಲ್ಲಿ ‘4ಎಡಿ’ಯ ಉಪಸಂಸ್ಥೆ ‘ಗರ್ನಿಕಾ’ ಇದನ್ನು ಹೊರತಂದವು. ತಂಡ ಅಮೆರಿಕದ ಊರೂರು ಸುತ್ತಿತು. ಪತ್ರಿಕೆಗಳು ಹೊಗಳಿದವು. ಮುಂದಿನ ದೊಡ್ಡ ಹೆಸರು ಇದೇ ಎಂಬ ಮಾತು ಹಬ್ಬಿತು.

ಆಮೇಲೆ ಎರಡನೇ ಸೆಟ್. 1995ರಲ್ಲಿ ‘ಲ್ಯಾಂಪ್ರೆ’, 1997ರಲ್ಲಿ ‘ಡಸ್ಟ್ ಬನ್ನೀಸ್’ ಬಂದವು. ಒಳ್ಳೆಯ ಹಾಡುಗಳಿದ್ದವು. ಆದರೆ ಗಾಳಿ ಬದಲಾಗಿತ್ತು. ಗಿಟಾರಿನವರನ್ನು ಹುಡುಕುತ್ತಿದ್ದವರು ಬೇರೇನನ್ನೋ ಹುಡುಕಲು ಹೊರಟಿದ್ದರು. ಹೊಸ ಬ್ಯಾಂಡಿಗೆ ಮೊದಲ ಆಲ್ಬಮ್ ಬರೆಯಲು ಇಡೀ ಯೌವನ ಸಿಕ್ಕಿರುತ್ತದೆ, ಎರಡನೆಯದಕ್ಕೆ ಪ್ರವಾಸದ ವ್ಯಾನಿನ ಹಿಂದಿನ ಸೀಟು ಮಾತ್ರ ಸಿಗುತ್ತದೆ. ಡ್ರಮ್ಮರ್ ಡುಬ್ಬೆ ತಂಡ ಬಿಟ್ಟರು. ಅಮೆರಿಕದ ದೊಡ್ಡ ಆಸೆ ಕರಗಿತು. ಬಹುಪಾಲು ತಂಡಗಳ ಕಥೆ ಇಲ್ಲಿಗೆ ಮುಗಿಯುತ್ತದೆ. ಬೆಟ್ಟಿಯವರದು ಮುಗಿಯಲಿಲ್ಲ. ಅವರು ಮನೆಗೆ ಬಂದರು. ಮನೆಯಲ್ಲಿ ನುಡಿಸಲು ಜಾಗವಿತ್ತು.

ಆ ‘ಜಾಗ’ ಎಂಬುದೇ ಈ ಕಥೆಯ ತಿರುಳು. ನೆದರ್ಲೆಂಡ್ಸ್ ಎಷ್ಟು ಚಿಕ್ಕದೆಂದರೆ ನಮ್ಮ ಕರ್ನಾಟಕದೊಳಗೆ ನಾಲ್ಕು ನೆದರ್ಲೆಂಡ್ಸ್ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ಉತ್ತರದ ಗ್ರೋನಿಂಗನ್‌ನಿಂದ ದಕ್ಷಿಣದ ಮಾಸ್ಟ್ರಿಕ್ಟ್‌ಗೆ ಹೋಗುವ ದಾರಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವುದಕ್ಕಿಂತ ಕಡಿಮೆ. ಅಷ್ಟರೊಳಗೆ ಹೆಚ್ಚುಕಡಿಮೆ ಪ್ರತಿಯೊಂದು ನಗರಕ್ಕೂ ತನ್ನದೇ ‘ಪಾಪ್‌ಪೋಡಿಯಂ’ ಇದೆ. ಪಾಪ್ ಸಂಗೀತಕ್ಕೆಂದೇ ಮೀಸಲಾದ ಸಭಾಂಗಣ ಅದು. ಕುರ್ಚಿಗಳಿಲ್ಲ, ನಿಂತು ಕೇಳಬೇಕು. ಹಿಂದೆ ಬಾರ್, ಪಕ್ಕದಲ್ಲಿ ಕೋಟು ಇಡುವ ಕಪಾಟು, ಎದುರಿಗೆ ಎದೆಮಟ್ಟದ ವೇದಿಕೆ. ಇವುಗಳಲ್ಲಿ ಹೆಚ್ಚಿನವು ನಗರಸಭೆಯ ಅನುದಾನದಿಂದ ನಡೆಯುತ್ತವೆ. ಟಿಕೆಟ್ ಹರಿಯುವುದರಿಂದ ಬಿಯರ್ ಸುರಿಯುವವರೆಗೆ ಅನೇಕ ಕಡೆ ಸ್ವಯಂಸೇವಕರೇ ದುಡಿಯುತ್ತಾರೆ. ಈಜುಕೊಳ, ಗ್ರಂಥಾಲಯ ಇರುವ ಹಾಗೆ ಊರಿಗೊಂದು ಗಿಟಾರ್ ನುಡಿಸುವ ಜಾಗವೂ ಇರಬೇಕು ಎಂದು ಆ ಸಮಾಜ ಒಪ್ಪಿಕೊಂಡಿದೆ.

ಒಪ್ಪಿಕೊಂಡದ್ದು ಸುಮ್ಮನೆ ಅಲ್ಲ, ಹಿಪ್ಪಿಗಳು ಒಪ್ಪಿಸಿದರು. ಆಮ್‌ಸ್ಟರ್‌ಡ್ಯಾಮಿನ ‘ಪ್ಯಾರಡೀಸೊ’ ಹತ್ತೊಂಬತ್ತನೇ ಶತಮಾನದ ಚರ್ಚು. ಖಾಲಿ ಬಿದ್ದಿದ್ದ ಅದರೊಳಗೆ 1967ರಲ್ಲಿ ಹಿಪ್ಪಿಗಳು ನುಗ್ಗಿ ಕೂತರು. ಪೊಲೀಸರು ಎಬ್ಬಿಸಿದರು. ಆದರೆ ಮರುವರ್ಷದ ಮಾರ್ಚ್ 30ರಂದು ಅದು ಯುವಜನರ ಕೇಂದ್ರವಾಗಿ ಅಧಿಕೃತವಾಗಿಯೇ ಬಾಗಿಲು ತೆರೆಯಿತು. ಇಂದಿಗೂ ವೇದಿಕೆಯ ಹಿಂದೆ ಎತ್ತರದ ಬಣ್ಣದ ಗಾಜಿನ ಕಿಟಕಿಗಳಿವೆ, ಸುತ್ತ ಎರಡು ಅಂತಸ್ತಿನ ಮೊಗಸಾಲೆಗಳಿವೆ. ಸುಮಾರು ಒಂದೂವರೆ ಸಾವಿರ ಮಂದಿ ಹಿಡಿಯುತ್ತಾರೆ. ಅದರ ನೆರೆಯ ‘ಮೆಲ್ಕ್‌ವೆಖ್’ 1970ರಲ್ಲಿ ಶುರುವಾದದ್ದು ಹಳೆಯ ಹಾಲಿನ ಕಾರ್ಖಾನೆಯಲ್ಲಿ, ಹೆಸರೂ ‘ಕ್ಷೀರಪಥ’ವೇ. ನೈಮೇಖನ್‌ನ ‘ಡೋರ್ನ್‌ರೋಶೆ’, ಐಂಡ್‌ಹೋವನ್‌ನ ‘ಎಫೆನಾರ್’, ಗ್ರೋನಿಂಗನ್‌ನ ‘ವೇರಾ’, ಹೀಗೆ ಸರಪಳಿ ಸಾಗುತ್ತದೆ. 1991ರ ನವೆಂಬರ್ 25ರಂದು ನಿರ್ವಾಣ ಪ್ಯಾರಡೀಸೊದಲ್ಲೇ ನುಡಿಸಿತು. ಅದೇ ವೇದಿಕೆಯ ಮೇಲೆ ಬೆಟ್ಟಿ ಸರ್ವೇರ್ಟ್ ಒಂದು ರಾತ್ರಿಯಿಡೀ ತಮ್ಮ ಗುರುಸಮಾನರಾದ ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ ಹಾಡುಗಳನ್ನಷ್ಟೇ ನುಡಿಸಿದರು. ಅದರ ಧ್ವನಿಮುದ್ರಿಕೆ 1998ರಲ್ಲಿ ಆಲ್ಬಮಾಗಿ ಬಂತು. ಅಮೆರಿಕದ ಆಸೆ ಕರಗಿದ ಹೊತ್ತಿನಲ್ಲಿ ಒಂದು ಬ್ಯಾಂಡ್ ಮಾಡಬಹುದಾದ ಅತಿ ಆರೋಗ್ಯಕರ ಕೆಲಸ ಅದು ಎಂದು ನನಗನಿಸುತ್ತದೆ. ಪಟ್ಟಿ, ಲೆಕ್ಕ ಎಲ್ಲ ಮರೆತು, ತಾವು ಯಾಕೆ ಗಿಟಾರ್ ಎತ್ತಿಕೊಂಡೆವು ಎಂಬುದನ್ನು ನೆನಪಿಸಿಕೊಳ್ಳುವುದು.

ಡಚ್ ಸಭಾಂಗಣವೆಂದರೆ ಸ್ವರ್ಗವೇನಲ್ಲ. ಅಲ್ಲಿಯ ಪ್ರೇಕ್ಷಕರಿಗೊಂದು ಕುಖ್ಯಾತಿ ಇದೆ, ಹಾಡಿನ ನಡುವೆ ಮಾತಾಡುತ್ತಾರೆ. ಪಿಸುಮಾತಲ್ಲ, ಸಂತೆಯ ಮಾತು. ಗಾಯಕಿ ಒಂದೇ ಗಿಟಾರ್ ಹಿಡಿದು ಮೆಲುದನಿಯಲ್ಲಿ ಹಾಡುತ್ತಿದ್ದರೆ ಹಿಂದಿನ ಸಾಲಿನಲ್ಲಿ ಮನೆ ಬಾಡಿಗೆಯ ಚರ್ಚೆ ನಡೆದಿರುತ್ತದೆ. ಅಲ್ಲಿಯ ಪತ್ರಿಕೆಗಳು ಇದಕ್ಕೆ ‘ಡಚ್ ಕಾಯಿಲೆ’ ಎಂದು ಹೆಸರಿಟ್ಟಿವೆ. ತಮಾಷೆಯೆಂದರೆ ಅರ್ಥಶಾಸ್ತ್ರದಲ್ಲಿ ಮೊದಲೇ ಒಂದು ‘ಡಚ್ ಕಾಯಿಲೆ’ ಇತ್ತು. ಗ್ರೋನಿಂಗನ್‌ನಲ್ಲಿ ನೈಸರ್ಗಿಕ ಅನಿಲ ಸಿಕ್ಕಿ ಬಂದ ಸಿರಿ ಉಳಿದ ಉದ್ಯಮಗಳನ್ನು ಸೊರಗಿಸಿದ್ದಕ್ಕೆ ‘ದಿ ಇಕನಾಮಿಸ್ಟ್’ ಪತ್ರಿಕೆ ಕೊಟ್ಟ ಹೆಸರು ಅದು. ಕೊಟ್ಟದ್ದು 1977ರಲ್ಲಿ, ಬೆಟ್ಟಿ ಮೂರು ಫೈನಲ್ ಸೋತ ವರ್ಷವೇ! ಗಿಟಾರಿನವರಿಗೆ ಈ ಮಾತುಗಾರರ ವಿರುದ್ಧ ಒಂದು ಆಯುಧವಿದೆ: ದನಿ ಏರಿಸುವುದು. ಅದಕ್ಕೂ ಅಲ್ಲಿ ಮಿತಿ ಉಂಟು. ಸರ್ಕಾರ ಮತ್ತು ಸಭಾಂಗಣಗಳ ನಡುವಿನ ಒಪ್ಪಂದದ ಪ್ರಕಾರ ಹದಿನೈದು ನಿಮಿಷದ ಸರಾಸರಿ 103 ಡೆಸಿಬೆಲ್ ದಾಟುವಂತಿಲ್ಲ. ಅದೇ ಸಾಕಷ್ಟು ಜೋರು. ಕೇಳಲು ಬರುವವರಲ್ಲಿ ಹಲವರು ಕಿವಿಗೆ ಬೆಂಡು ಸಿಕ್ಕಿಸಿಕೊಂಡೇ ನಿಂತಿರುತ್ತಾರೆ. ಸಂಗೀತ ಕೇಳಲು ದುಡ್ಡು ಕೊಟ್ಟು ಬಂದು ಕಿವಿ ಮುಚ್ಚಿಕೊಳ್ಳುವುದು ನಮಗೆ ವಿಚಿತ್ರವೆನಿಸಬಹುದು. ಆದರೆ ಅರವತ್ತು ದಾಟಿದ ಮೇಲೂ ಸಂಗೀತ ಕೇಳುವ ಆಸೆಯಿದ್ದವರ ವಿವೇಕ ಅದು.

ಇನ್ನು ಹೊಸ ಆಲ್ಬಮ್ ಎಂಬ ಸಂಗತಿ. ಹಿಂದೆ ಆಲ್ಬಮ್ ಮಾರುವುದಕ್ಕಾಗಿ ಕಛೇರಿ ಕೊಡುತ್ತಿದ್ದರು. ಈಗ ಕಛೇರಿ ಸಿಗಲೆಂದು ಆಲ್ಬಮ್ ಮಾಡುತ್ತಾರೆ. ಮೊಬೈಲಿನಲ್ಲಿ ಒಂದು ಹಾಡು ಒಮ್ಮೆ ಕೇಳಿದರೆ ಹಾಡಿದವರಿಗೆ ಸಿಗುವುದು ಕಾಸಿನ ಚೂರು. ಮಧ್ಯಮ ಗಾತ್ರದ ಬ್ಯಾಂಡಿನ ಅನ್ನ ಬೇಯುವುದು ಸಭಾಂಗಣದ ಬಾಗಿಲಲ್ಲಿ ಹರಿದ ಟಿಕೆಟ್ಟಿನಿಂದ, ಮತ್ತೆ ಕೊನೆಗೆ ಹಿಂದಿನ ಮೇಜಿನ ಮೇಲೆ ಮಾರುವ ಟೀಶರ್ಟು, ಎಲ್‌ಪಿಗಳಿಂದ. ಆದರೆ ಹೊಸ ಹಾಡುಗಳಿಲ್ಲದೆ ಸಭಾಂಗಣದವರನ್ನು ಮತ್ತೆ ಕೇಳುವುದು ಹೇಗೆ? ಹೊಸ ಆಲ್ಬಮೆಂದರೆ ಊರಿನವರಿಗೆ ಕಳಿಸುವ ಆಮಂತ್ರಣ ಪತ್ರಿಕೆ. ಬಂದವರು ಕೇಳಬಯಸುವುದು ಮಾತ್ರ ಹಳೆಯದನ್ನು! ಬ್ಯಾಂಡಿನವರು ಹೊಸದನ್ನು ನಾಲ್ಕು ನುಡಿಸಿ, ಮುಖಗಳು ಬಾಡುವ ಮೊದಲು ‘ಟಾಮ್ ಬಾಯ್’ ತೆಗೆಯಬೇಕು. ಯಾವ ಹಾಡಿನ ಹಿಂದೆ ಯಾವುದು ಎಂದು ಬರೆದು ವೇದಿಕೆಯ ನೆಲಕ್ಕೆ ಅಂಟಿಸಿದ ಆ ಚೀಟಿಯಲ್ಲಿ ಇಡೀ ರಾತ್ರಿಯ ರಾಜಕೀಯ ಅಡಗಿರುತ್ತದೆ.

ಹಾಡನ್ನು ಹೊರುವ ಗಾಡಿಗಳ ವಿಷಯದಲ್ಲಂತೂ ಜಗತ್ತು ಡಚ್ಚರಿಗೆ ಋಣಿ. ಐಂಡ್‌ಹೋವನ್‌ನಲ್ಲಿ ಬೇರು ಬಿಟ್ಟ ಫಿಲಿಪ್ಸ್ ಕಂಪನಿಯ ಎಂಜಿನಿಯರ್ ಲೂ ಒಟ್ಟೆನ್ಸ್, ಕೋಟಿನ ಜೇಬಿಗೆ ಹಿಡಿಸುವಂಥ ಮರದ ತುಂಡೊಂದನ್ನು ಕೆತ್ತಿ, ಟೇಪ್ ರೆಕಾರ್ಡರ್ ಇಷ್ಟೇ ಇರಬೇಕೆಂದು ಹಟ ಹಿಡಿದರು. 1963ರಲ್ಲಿ ಬರ್ಲಿನ್ನಿನ ಮೇಳದಲ್ಲಿ ಕಾಂಪ್ಯಾಕ್ಟ್ ಕ್ಯಾಸೆಟ್ ಜಗತ್ತಿಗೆ ಕಾಣಿಸಿತು. ಹದಿನೈದು ವರ್ಷಗಳ ನಂತರ, 1978ರಲ್ಲಿ, ಅದೇ ಪುಟ್ಟ ಪೆಟ್ಟಿಗೆಯೊಳಗೆ ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ವಾಗಿ ನಮ್ಮ ಮನೆಗಳಿಗೆ ಬಂದವು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದು. ಪೆನ್ಸಿಲ್ ತೂರಿಸಿ ರೀಲು ಸುತ್ತಿದ ಕೈಗಳಿಗೆ ಒಟ್ಟೆನ್ಸ್ ಅವರ ಹೆಸರು ಗೊತ್ತಿರಲಿಲ್ಲ. ಮುಂದೆ ಫಿಲಿಪ್ಸ್ ಸೋನಿಯ ಜೊತೆ ಸೇರಿ 1982ರಲ್ಲಿ ಸಿಡಿಯನ್ನೂ ತಂದಿತು. ಆ ಸಿಡಿ ಈಗ ಮೂಲೆ ಸೇರಿದೆ. ಅದು ಮೂಲೆಗೆ ತಳ್ಳಿದ್ದ ಎಲ್‌ಪಿ ಮಾತ್ರ ಎದ್ದು ಬಂದಿದೆ. ಆಮ್‌ಸ್ಟರ್‌ಡ್ಯಾಮಿನ ಪಕ್ಕದ ಹಾರ್ಲೆಮ್‌ನಲ್ಲಿ 1958ರಿಂದಲೂ ಎಲ್‌ಪಿ ಅಚ್ಚೊತ್ತುತ್ತಿರುವ ಕಾರ್ಖಾನೆ, ಇಂದಿನ ‘ರೆಕಾರ್ಡ್ ಇಂಡಸ್ಟ್ರಿ’, ಯುರೋಪಿನ ದೊಡ್ಡ ಅಚ್ಚುಮನೆಗಳಲ್ಲಿ ಒಂದು.

ಬೆಟ್ಟಿಯವರು ಒಬ್ಬಂಟಿಯಲ್ಲ. ಅವರ ಮೊದಲ ಆಲ್ಬಮಿನ ಹಾಗೆನಾರ್ಸ್, ತೊಂಬತ್ತರ ದಶಕದ ಮಧ್ಯದಲ್ಲಿ ಫೆರಿ ರೋಸ್‌ಬೋಮ್ ಜೊತೆ ಸೇರಿ ‘ಎಕ್ಸೆಲ್ಸಿಯರ್’ ಎಂಬ ರೆಕಾರ್ಡ್ ಸಂಸ್ಥೆ ಕಟ್ಟಿದರು. ಡಚ್ ಗಿಟಾರ್ ಪಾಪ್‌ಗೆ ಅದು ಮನೆಯಾಯಿತು. ಹೋರ್ನ್ ಊರಿನ ‘ಯೋಹಾನ್’ ಎಂಬ ತಂಡ ಅಲ್ಲಿಯದು. ಅದರ ಯಾಕೊಬ್ ಡಿ ಗ್ರೇವ್ ನಿಧಾನಸ್ಥ ಕುಸುರಿಗಾರ. 1996ರ ಮೊದಲ ಆಲ್ಬಮಿನ ನಂತರ ಎರಡನೆಯದಾದ ‘ಪರ್ಗೋಲಾ’ಕ್ಕೆ ಐದು ವರ್ಷ ಹಿಡಿಯಿತು. 2009ರಲ್ಲಿ ತಂಡವನ್ನು ಮುಚ್ಚಿದರು. ಒಂಬತ್ತು ವರ್ಷ ಬಿಟ್ಟು 2018ರಲ್ಲಿ ‘ಪುಲ್ ಅಪ್’ ಎಂಬ ಹೊಸ ಆಲ್ಬಮ್ ಹಿಡಿದು ಮರಳಿದರು. ಮರಳಿದಾಗ ಸಭಾಂಗಣಗಳು ಇದ್ದಲ್ಲೇ ಇದ್ದವು. ಅಂಗಡಿ ಮುಚ್ಚಿ ಒಂಬತ್ತು ವರ್ಷದ ಮೇಲೆ ತೆರೆದರೆ ಗಿರಾಕಿ ಬರುವುದು ಅಪರೂಪ. ಬೀದಿ ಉಳಿದಿದ್ದರೆ ಮಾತ್ರ ಅದು ಸಾಧ್ಯ.

ಇಂಥ ಬೀದಿಯಲ್ಲಿ ಹೊರಬಂದ ಬೆಟ್ಟಿಯವರ ಹತ್ತನೆಯ ಆಲ್ಬಮ್ ‘ಡ್ಯಾಮೇಜ್ಡ್ ಗುಡ್’ನ ಹೆಸರಿನಲ್ಲೇ ಒಂದು ಚೇಷ್ಟೆ ಇದೆ. ಇಂಗ್ಲಿಷಿನಲ್ಲಿ ‘ಡ್ಯಾಮೇಜ್ಡ್ ಗೂಡ್ಸ್’ ಎಂದರೆ ಸಾಗಣೆಯಲ್ಲಿ ಪೆಟ್ಟು ತಿಂದ ಸರಕು. ಕೊನೆಯ ಅಕ್ಷರ ಕಿತ್ತು ಅವರು ಅದನ್ನು ‘ಪೆಟ್ಟು ತಿಂದ ಒಳಿತು’ ಎಂದು ಮಾಡಿದ್ದಾರೆ. ಪೆಟ್ಟು ತಿಂದಿದೆ, ಆದರೂ ಚೆನ್ನಾಗಿಯೇ ಇದೆ. ಕ್ಯಾರಲ್ ದನಿಗೆ ಈಗ ವಯಸ್ಸಿನ ಸಣ್ಣ ಗರಗರ ಬಂದಿದೆ. ಅದಕ್ಕೆ ಆ್ಯಂಪ್ಲಿಫೈಯರಿನ ಸಹಾಯ ಬೇಕಿಲ್ಲ. ಡ್ರಮ್ಸ್‌ನ ಹಿಂದೆ ಹೊಸ ಹುರುಪಿನ ಯೋಪ್ಪೆ ಮೋಲೆನಾರ್ ಕೂತಿದ್ದಾರೆ. ವಿಸರ್ ಗಿಟಾರ್ ಇನ್ನೂ ಹಾಡಿನ ಅಂಚು ಕಚ್ಚುತ್ತದೆ. ಈ ಬ್ಯಾಂಡನ್ನು ಹೊಸದಾಗಿ ಕೇಳಹೊರಟವರಿಗೆ ನನ್ನದೊಂದು ಸಲಹೆ. ಮೊದಲು ‘ಪಾಲೊಮೈನ್’ ಕೇಳಿ, ತಕ್ಷಣ ಇದಕ್ಕೆ ಬನ್ನಿ, ನಡುವಿನದನ್ನು ಆಮೇಲೆ ತುಂಬಿಕೊಳ್ಳಿ. ಮದುವೆಯ ಫೋಟೊ ನೋಡಿದ ಮೇಲೆ ಅದೇ ದಂಪತಿಯನ್ನು ಇಪ್ಪತ್ತೈದು ವರ್ಷದ ನಂತರ ಸಂತೆಯಲ್ಲಿ ಕಂಡ ಹಾಗಿರುತ್ತದೆ.

ಬೆಟ್ಟಿ ಸ್ಟೋವೆ ಕಥೆಯ ಅರ್ಧವನ್ನಷ್ಟೇ ಹೇಳಿ ನಿಲ್ಲಿಸಿದ್ದೆ. ವಿಂಬಲ್ಡನ್ ಮುಗಿದು ಎರಡು ತಿಂಗಳಿಗೆ, 1977ರ ಸೆಪ್ಟೆಂಬರಿನಲ್ಲಿ, ಅವರು ಅಮೆರಿಕನ್ ಓಪನ್ನಿಗೆ ಹೋದರು. ಮಾರ್ಟಿನಾ ನವ್ರಾಟಿಲೋವಾ ಜೊತೆ ಮಹಿಳಾ ಡಬಲ್ಸ್ ಗೆದ್ದರು. ಫ್ರ್ಯೂ ಮೆಕ್‌ಮಿಲನ್ ಜೊತೆ ಮಿಶ್ರ ಡಬಲ್ಸ್ ಗೆದ್ದರು. ವಿಂಬಲ್ಡನ್ ಫೈನಲ್ಲುಗಳಲ್ಲಿ ಪಕ್ಕದಲ್ಲಿ ನಿಂತು ಅವರೊಂದಿಗೆ ಸೋತವರೂ ಇವರಿಬ್ಬರೇ. ಮರುವರ್ಷ ಅದೇ ಮೆಕ್‌ಮಿಲನ್ ಜೊತೆ ವಿಂಬಲ್ಡನ್ನಿನ ಮಿಶ್ರ ಡಬಲ್ಸನ್ನೂ ಗೆದ್ದರು. ಒಟ್ಟು ಲೆಕ್ಕ ಹಾಕಿದರೆ ಅವರ ಬಳಿ ಹತ್ತು ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿಗಳಿವೆ. ಹತ್ತೂ ಡಬಲ್ಸ್‌ನಲ್ಲಿ, ಪಕ್ಕದಲ್ಲಿ ಇನ್ನೊಬ್ಬರು ಇದ್ದಾಗ.

ಟೆನಿಸ್ಸಿನಲ್ಲಿ ಮಿಕ್ಕೆಲ್ಲ ಹೊಡೆತಕ್ಕೂ ಎದುರಿನವರು ಕಳಿಸಿದ ಚೆಂಡು ಬೇಕು. ಸರ್ವ್ ಒಂದಕ್ಕೆ ಮಾತ್ರ ಚೆಂಡನ್ನು ನಾವೇ ಮೇಲಕ್ಕೆ ಎಸೆಯಬೇಕು. ಗ್ರೋನಿಂಗನ್ನೋ ಐಂಡ್‌ಹೋವನ್ನೋ, ಸಂಜೆ ಎಂಟೂವರೆಗೆ ದೀಪ ಆರುತ್ತದೆ. ಹಿಂದಿನ ಸಾಲಿನಲ್ಲಿ ಬಾಡಿಗೆಯ ಮಾತು ಇನ್ನೂ ನಿಂತಿಲ್ಲ. ಡ್ರಮ್ಮರ್ ಎರಡು ಕೋಲುಗಳನ್ನು ತಲೆಯ ಮೇಲೆ ಎತ್ತಿ ನಾಲ್ಕು ಸಲ ತಟ್ಟುತ್ತಾನೆ.